ಗೆಳತಿ ಮಾತು ಬಿಟ್ಟ ಮೇಲೆ

“ಅಪ್ಪ ತೀರಿಕೊಂಡರೆ ಊರಿಗೆ ಊರೇ ಮನೆಗೆ ಬರುತ್ತೆ. ಮದುವೆ ಮುರಿದರೆ ಹಿರಿಯರು ನಾಲ್ಕು ಜನ ಕೂತು ಮಾತಾಡ್ತಾರೆ. ಗೆಳತಿ ಮಾತು ಬಿಟ್ಟಳು ಅಂತ ಯಾರಿಗೆ ಹೇಳಲಿ ಚಿಕ್ಕಮ್ಮ? ರಜಾ ಅರ್ಜಿಯಲ್ಲಿ ಏನಂತ ಕಾರಣ ಬರೀಲಿ?”

ಕೇಳಿದವಳು ಬೆಂಗಳೂರಿನ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ವಯಸ್ಸು ಮೂವತ್ತು ದಾಟಿದೆ. ಉತ್ತರ ಹೇಳಬೇಕಾದವರು ಅವಳ ತಾಯಿಯ ತಂಗಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸಮಾಜ ಕಾರ್ಯಕರ್ತೆಯಾಗಿ ಹಳ್ಳಿ ಹಳ್ಳಿ ತಿರುಗಿ, ನಿವೃತ್ತರಾಗಿ, ಈಗ ಶಿವಮೊಗ್ಗದಲ್ಲಿ ನೆಲೆಸಿದ್ದಾರೆ. ಬೇಸಿಗೆ ರಜೆಗೆಂದು ಬಂದ ಅಕ್ಕನ ಮಗಳು ಊಟದ ತಟ್ಟೆಯ ಮುಂದೆ ಕೈ ಕಟ್ಟಿ ಕೂರುವುದನ್ನೂ ಬೆಳಗ್ಗೆ ಹನ್ನೊಂದಾದರೂ ಹಾಸಿಗೆ ಬಿಟ್ಟೇಳದಿರುವುದನ್ನೂ ನೋಡಿ, ಆ ಶನಿವಾರ ಸಂಜೆ ತಾವಾಗಿಯೇ ಮಾತು ತೆಗೆದಿದ್ದರು.

ವಿಷಯ ಹೊರಬರಲು ಹೊತ್ತು ಹಿಡಿಯಿತು. ಡಿಗ್ರಿ ಹಾಸ್ಟೆಲ್ಲಿನಲ್ಲಿ ಶುರುವಾದ ಸ್ನೇಹ. ಬೆಂಗಳೂರಿಗೆ ಬಂದ ಮೇಲೂ ಇಬ್ಬರದು ಒಂದೇ ಬಾಡಿಗೆ ಮನೆ, ಒಂದೇ ಅಡುಗೆ. ಇವಳ ನಿಶ್ಚಿತಾರ್ಥ ಯಾಕೆ ನಿಂತುಹೋಯಿತೆಂಬುದು ಆ ಗೆಳತಿಯೊಬ್ಬಳಿಗೇ ಗೊತ್ತಿತ್ತು. ಯಾರದೋ ಹುಟ್ಟುಹಬ್ಬದ ಊಟದಲ್ಲಿ, ಏಳೆಂಟು ಜನರ ನಡುವೆ, ಅವಳು ಅದನ್ನೇ ನಗೆಮಾತಾಗಿ ಆಡಿಬಿಟ್ಟಳು. ಆ ರಾತ್ರಿ ಇವಳು ಉದ್ದುದ್ದ ವಾಟ್ಸಾಪ್ ಮೆಸೇಜು ಕಳಿಸಿದಳು, ಹಳೆಯದನ್ನೆಲ್ಲ ಕೆದಕಿದಳು. ತಿಂಗಳು ತುಂಬುವುದರೊಳಗೆ ಗೆಳತಿ ಬೇರೆ ಮನೆ ಮಾಡಿಕೊಂಡು ಹೋದಳು. ‘ಸ್ವಲ್ಪ ದಿನ ನನ್ನನ್ನ ನನ್ನ ಪಾಡಿಗೆ ಬಿಡು’ ಎಂಬ ಒಂದು ಸಾಲು ಬಂತು. ಆಮೇಲೆ ಏನೂ ಇಲ್ಲ. ಜಗಳ ಮುಗಿದೂ ಇಲ್ಲ, ಸ್ನೇಹ ಉಳಿದೂ ಇಲ್ಲ.

“ನಿನ್ನ ಪ್ರಶ್ನೆಯಲ್ಲೇ ಅರ್ಧ ನೋವಿದೆ,” ಎಂದರು ಚಿಕ್ಕಮ್ಮ. “ಸಾವಾದರೆ ಸೂತಕ ಇದೆ, ಹನ್ನೊಂದನೇ ದಿನ ಇದೆ, ಅಳೋಕೆ ಜಾಗ ಇದೆ. ಇದಕ್ಕೆ ಅಂಥದ್ದು ಯಾವುದೂ ಇಲ್ಲ. ಅಮೆರಿಕದ ಕೆನೆತ್ ಡೋಕಾ ಅನ್ನೋರು 1989ರಲ್ಲಿ ಇಂಥ ದುಃಖದ ಬಗ್ಗೇನೇ ಒಂದು ಪುಸ್ತಕ ಸಂಪಾದಿಸಿದರು. ಕಳಕೊಂಡಿದ್ದೇನೋ ನಿಜ, ಆದರೆ ಸುತ್ತಲಿನವರು ಅದನ್ನ ದುಃಖ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಆಗ ಮನುಷ್ಯ ದುಃಖವನ್ನೂ ಪಡಬೇಕು, ದುಃಖ ಪಡ್ತಿದ್ದೀನಲ್ಲಾ ಅಂತ ನಾಚಿಕೆಯನ್ನೂ ಪಡಬೇಕು.”

“ಅಮ್ಮನಿಗೆ ಹೇಳಿದರೆ, ಅವಳಲ್ಲದಿದ್ದರೆ ಇನ್ನೊಬ್ಬಳು ಅಂತಾಳೆ.”

“ನಿಮ್ಮಮ್ಮನದು ತಪ್ಪಲ್ಲ ಕಣೇ, ಅವಳಿಗೆ ನಿನ್ನ ಮುಖ ನೋಡೋಕಾಗ್ತಿಲ್ಲ, ಅದಕ್ಕೆ ಹಾಗಂತಾಳೆ. ಆದರೆ ಹೊರಗಿಟ್ಟಾಗ ಆಗೋ ನೋವು ಸಣ್ಣದಲ್ಲ. ಮಿದುಳಿನ ಸ್ಕ್ಯಾನು ಮಾಡಿ ನೋಡಿದ್ದಾರಲ್ಲ.”

ಚಿಕ್ಕಮ್ಮ ಹೇಳುತ್ತಿದ್ದದ್ದು 2003ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ನವೋಮಿ ಐಸೆನ್‌ಬರ್ಗರ್ ಮತ್ತು ಸಂಗಡಿಗರ ಪ್ರಯೋಗದ ಬಗ್ಗೆ. ಪರದೆಯ ಮೇಲೆ ಮೂವರು ಚೆಂಡೆಸೆಯುವ ಆಟ. ಸ್ವಲ್ಪ ಹೊತ್ತಾದ ಮೇಲೆ ಉಳಿದಿಬ್ಬರು ತಮ್ಮ ತಮ್ಮಲ್ಲೇ ಚೆಂಡು ಎಸೆದುಕೊಳ್ಳುತ್ತಾರೆ, ಮೂರನೆಯವರಿಗೆ ಕೊಡುವುದಿಲ್ಲ. ಆಗ ಆ ಮೂರನೆಯವರ ಮಿದುಳಿನಲ್ಲಿ, ಮೈನೋವಿನ ಹೊತ್ತಿನಲ್ಲಿ ಚುರುಕಾಗುವ ಒಂದು ಭಾಗ ಚುರುಕಾದದ್ದು ಕಂಡಿತು.

ಜೀವಶಾಸ್ತ್ರದ ಮೇಡಂ ಇದನ್ನು ಸುಮ್ಮನೆ ಒಪ್ಪಲಿಲ್ಲ. “ಅದರಲ್ಲಿದ್ದದ್ದು 13 ಜನ ಚಿಕ್ಕಮ್ಮ. ಆ ಭಾಗ ನೋವಿಗೆ ಮಾತ್ರ ಅಲ್ಲ, ಬೇರೆ ಎಷ್ಟೋ ಕೆಲಸಕ್ಕೂ ಚುರುಕಾಗುತ್ತೆ. ಮನಸ್ಸಿನ ನೋವೂ ಮೈನೋವೂ ಒಂದೇ ಅಂತ ಅದರಿಂದ ಹೇಳೋಕಾಗಲ್ಲ.”

“ಸರಿ, ಬಿಡು ಅದನ್ನ. ಸ್ಕ್ಯಾನಿಗಿಂತ ನನಗೆ ನಂಬಿಕೆ ಇರೋದು, ಮನೆಮನೆಗೆ ಹೋಗಿ ಕೂತು ಕೇಳಿದವರ ಮೇಲೆ.”

ಲಂಡನ್ನಿನ ಕ್ಯಾಂಬರ್‌ವೆಲ್ ಪ್ರದೇಶದ ಹೆಂಗಸರನ್ನು ಮಾತಾಡಿಸಿ ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಬದುಕಿನಲ್ಲಿ ದೊಡ್ಡ ಪೆಟ್ಟು ಬಿದ್ದಾಗ ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಆಪ್ತರಿಲ್ಲದ ಹೆಂಗಸರು ಖಿನ್ನತೆಗೆ ಹೆಚ್ಚು ಬೀಳುತ್ತಿದ್ದರು. 1990ರ ದಶಕದಲ್ಲಿ ಅದೇ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಳೆದುಕೊಂಡದ್ದಷ್ಟೇ ಆದರೆ ಒಂದು ತೂಕ. ಅದರ ಜೊತೆ ಅವಮಾನವೂ, ಇದರಿಂದ ಹೊರಗೆ ಬರುವ ದಾರಿಯೇ ಇಲ್ಲವೆಂಬ ಭಾವವೂ ಸೇರಿದರೆ ಖಿನ್ನತೆಯ ಸಂಭವ ಇನ್ನೂ ಹೆಚ್ಚು ಎಂದು ಕಂಡಿತು. ಹುಟ್ಟುಹಬ್ಬದ ಆ ಊಟದ ಮೇಜನ್ನು ನೆನೆದರೆ ಈ ಮಾತು ಎಷ್ಟು ಸರಿಯೆಂದು ತಿಳಿಯುತ್ತದೆ. ಅವಳು ಕಳೆದುಕೊಂಡದ್ದು ಗೆಳತಿಯನ್ನು ಮಾತ್ರವಲ್ಲ. ತನ್ನ ಕಷ್ಟ ಹೇಳಿಕೊಳ್ಳಲು ಇದ್ದ ಒಬ್ಬಳೇ ಆಪ್ತಳು, ಅದೂ ಎಲ್ಲರೆದುರು, ಇಲ್ಲವಾಗಿದ್ದಳು.

“ಅವಳು ಹೋದದ್ದಕ್ಕಿಂತ ಆ ನಗು ಹೆಚ್ಚು ಕಾಡುತ್ತೆ,” ಎಂದಳು ಅಕ್ಕನ ಮಗಳು. “ಯಾಕೆ ಹಾಗೆ ಮಾಡಿದಳು? ಮೊದಲಿಂದಲೂ ನನ್ನ ಬಗ್ಗೆ ಹಾಗೇ ಅಂದುಕೊಂಡಿದ್ದಳಾ? ರಾತ್ರಿ ಎರಡಕ್ಕೆ ಎಚ್ಚರ ಆಗುತ್ತೆ, ಹಳೆ ಚಾಟ್ ಎಲ್ಲ ಓದ್ತೀನಿ. ಕಾರಣ ಒಂದು ಗೊತ್ತಾಗಿಬಿಟ್ಟರೆ ನೆಮ್ಮದಿಯಾಗುತ್ತೆ ಅನ್ನಿಸುತ್ತೆ.”

“ಗೊತ್ತಾಯಿತಾ?”

“ಇಲ್ಲ.”

“ಇಷ್ಟು ರಾತ್ರಿ ಓದಿದ ಮೇಲೂ ಗೊತ್ತಾಗದೇ ಇದ್ದದ್ದು ಇವತ್ತು ರಾತ್ರಿ ಗೊತ್ತಾಗಲ್ಲ ಮಗಳೇ. ಗಾಣದ ಎತ್ತು ನಡೆದ ಹಾಗೆ, ಎಷ್ಟು ನಡೆದರೂ ಅಲ್ಲೇ. ನಡೀತಿದೀನಿ ಅಂತ ಎತ್ತಿಗೆ ಅನ್ನಿಸುತ್ತಲ್ಲ, ತೊಂದರೆ ಇರೋದು ಅಲ್ಲಿ.”

ಹೀಗೆ ನೋವಿನ ಸುತ್ತಲೇ ಸುತ್ತುವ ಅಭ್ಯಾಸವನ್ನು ಹೆಚ್ಚು ಆಳವಾಗಿ ಅಧ್ಯಯನ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲನ್-ಹೋಕ್ಸೆಮಾ. ಅವರಿಗೆ ಒಂದು ವಿಚಿತ್ರ ಸಂದರ್ಭ ಒದಗಿಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ, ಬೇಸರವಾದಾಗ ನೀವೇನು ಮಾಡುತ್ತೀರಿ ಎಂಬ ಪ್ರಶ್ನಾವಳಿ ತುಂಬಿಸಿಕೊಂಡ ಎರಡು ವಾರಕ್ಕೆ, 1989ರ ಅಕ್ಟೋಬರ್ 17ರಂದು, ಲೋಮಾ ಪ್ರಿಯೆಟಾ ಭೂಕಂಪ ಆ ಭಾಗವನ್ನು ಅಲುಗಿಸಿತು. ಹತ್ತು ದಿನದ ಮೇಲೆ ಮತ್ತು ಏಳು ವಾರದ ಮೇಲೆ ಅದೇ ವಿದ್ಯಾರ್ಥಿಗಳನ್ನು ಪುನಃ ಕೇಳಿದರು. ‘ನನಗೇಕೆ ಹೀಗಾಗುತ್ತಿದೆ’ ಎಂದು ತಮ್ಮ ಬೇಸರವನ್ನೇ ಮೆಲುಕು ಹಾಕುವ ಸ್ವಭಾವ ಭೂಕಂಪಕ್ಕೂ ಮೊದಲೇ ಇದ್ದವರು ಏಳು ವಾರದ ಮೇಲೂ ಹೆಚ್ಚು ಕುಗ್ಗಿದ್ದರು. ನೆಲ ಎಲ್ಲರಿಗೂ ಒಂದೇ ಸಲ ನಡುಗಿತ್ತು, ನಿಂತೂ ಹೋಗಿತ್ತು.

“ನಾನೊಬ್ಬಳೇ ಯೋಚನೆ ಮಾಡ್ತಾ ಕೂತಿಲ್ಲ. ಸ್ಟಾಫ್ ರೂಮಿನ ಒಬ್ಬಳ ಹತ್ತಿರ ದಿನಾ ರಾತ್ರಿ ಫೋನಿನಲ್ಲಿ ಹೇಳಿಕೊಳ್ತೀನಿ.”

“ಏನಂತ?”

“ಇದೇ. ಅವಳೇನಂದಳು, ನಾನೇನಂದೆ, ಯಾಕಂದಳು.”

ಇಲ್ಲಿ ಚಿಕ್ಕಮ್ಮ ಸ್ವಲ್ಪ ತಡೆದರು. ಆಪ್ತರಿಗೆ ಹೇಳಿಕೊಳ್ಳುವುದು ಒಳ್ಳೆಯದೆಂದು ಈಗಷ್ಟೇ ಹೇಳಿದ್ದವರು ಅವರೇ. ಆದರೆ ಅಮಾಂಡಾ ರೋಸ್ ಎಂಬ ಸಂಶೋಧಕಿ ಶಾಲಾ ಮಕ್ಕಳ ಸ್ನೇಹ ಕುರಿತು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮಾತಿನ ಇನ್ನೊಂದು ಮುಖ ಇದೆ. ಇಬ್ಬರು ಕೂತು ಒಂದೇ ಕಷ್ಟವನ್ನು ಅತ್ತಿತ್ತ ಹೊರಳಿಸುತ್ತ ಹೋದರೆ ಅವರ ಸ್ನೇಹವೇನೋ ಗಟ್ಟಿಯಾಗುತ್ತದೆ, ಆದರೆ ಆತಂಕ ಮತ್ತು ಖಿನ್ನತೆಯ ಲಕ್ಷಣಗಳೂ ಅದರೊಟ್ಟಿಗೆ ಹೆಚ್ಚಿರುತ್ತವೆ. ಹೆಣ್ಣುಮಕ್ಕಳಲ್ಲಿ ಈ ರೂಢಿ ಹೆಚ್ಚು.

“ಹಾಗಾದರೆ ಬಾಯಿ ಮುಚ್ಚಿಕೊಂಡು ಇರಬೇಕಾ?”

“ಹಾಗಲ್ಲ. ಒಮ್ಮೆ ಪೂರ್ತಿ ಹೇಳು, ಅಳು ಬಂದರೆ ಅಳು. ಎರಡನೇ ಸಲ ಹೇಳುವಾಗ, ನಾಳೆ ಬೆಳಗ್ಗೆ ನಾನೇನು ಮಾಡಲಿ ಅನ್ನೋದೂ ಆ ಮಾತಿನಲ್ಲಿ ಇರಲಿ. ಆ ಸ್ಟಾಫ್ ರೂಮಿನ ಹುಡುಗಿಗೂ ಹೇಳು, ಹತ್ತು ನಿಮಿಷ ಆದಮೇಲೆ ಮಾತು ಬದಲಾಯಿಸು ಅಂತ. ಅವಳಿಗೂ ದಿನಾ ಅದನ್ನೇ ಕೇಳಿ ಸುಸ್ತಾಗಿರುತ್ತೆ, ಪಾಪ.”

ಇಷ್ಟು ಹೇಳಿ ಚಿಕ್ಕಮ್ಮ ಒಳಗಿನಿಂದ ಒಂದು ಹಾಳೆ ತಂದರು. ಪಿಎಚ್‌ಕ್ಯು-9 ಎಂಬ, ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ದೆ, ಸುಸ್ತು, ಹಸಿವು, ತನ್ನ ಬಗ್ಗೆಯೇ ತಿರಸ್ಕಾರ, ಗಮನ ನಿಲ್ಲದಿರುವುದು, ನಡೆ ನುಡಿ ನಿಧಾನವಾಗುವುದು ಅಥವಾ ಚಡಪಡಿಕೆ, ಮತ್ತೆ ಕೊನೆಯದಾಗಿ ಸಾವಿನ ಯೋಚನೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಹತ್ತು ಮುಟ್ಟಿದರೆ ವೈದ್ಯರನ್ನು ಕಾಣಬೇಕು ಎಂಬುದು ವಾಡಿಕೆ. ಈ ಅಂಕ ರೋಗನಿರ್ಣಯವಲ್ಲ, ವೈದ್ಯರು ಕೂತು ನೋಡಿಯೇ ಹೇಳಬೇಕು. ಅಕ್ಕನ ಮಗಳ ಅಂಕ ಹದಿನೈದನ್ನು ದಾಟಿತು.

ಒಂಬತ್ತನೆಯ ಪ್ರಶ್ನೆಗೆ ಅವಳು ಒಂದು ಎಂದು ಬರೆದಿದ್ದಳು. ಚಿಕ್ಕಮ್ಮ ಅದನ್ನು ಹಾಗೇ ಬಿಡಲಿಲ್ಲ.

“ಸಾಯಬೇಕು ಅನ್ನಿಸುತ್ತಾ ನಿನಗೆ?”

“ಹಾಗಲ್ಲ… ಬೆಳಗ್ಗೆ ಎಚ್ಚರವೇ ಆಗದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದುಂಟು. ಒಂದೆರಡು ಸಲ.”

“ಏನಾದರೂ ಮಾಡಿಕೊಳ್ಳಬೇಕು ಅಂತ? ಹೇಗೆ ಅಂತ ಯೋಚಿಸಿದ್ದು?”

“ಇಲ್ಲ ಚಿಕ್ಕಮ್ಮ. ಅಲ್ಲಿಗೆ ಹೋಗಿಲ್ಲ.”

“ಹೇಳಿದ್ದು ಒಳ್ಳೆದಾಯಿತು. ಇವತ್ತಿಂದ ನನ್ನ ಕೋಣೆಯಲ್ಲೇ ಮಲಗು. ನಾಳೆ ಭಾನುವಾರ, ಸೋಮವಾರ ಮೆಗ್ಗಾನ್ ಆಸ್ಪತ್ರೆಗೆ ಹೋಗೋಣ, ಮನೋವೈದ್ಯ ವಿಭಾಗಕ್ಕೆ. ಅಷ್ಟರೊಳಗೆ ಆ ಯೋಚನೆ ಜೋರಾಯಿತು ಅಂದರೆ ನಡುರಾತ್ರಿ ಆದರೂ ನನ್ನನ್ನ ಎಬ್ಬಿಸು. ಆಗ ಸೋಮವಾರಕ್ಕೆ ಕಾಯಲ್ಲ, ತುರ್ತು ವಿಭಾಗಕ್ಕೇ ಹೋಗೋದು. ಬೆಂಗಳೂರಿನಲ್ಲಿ ನೀನೊಬ್ಬಳೇ ಇದ್ದಾಗ ಹಾಗಾದರೆ 14416ಕ್ಕೆ ಫೋನ್ ಮಾಡು.”

ಸಾವಿನ ಮಾತನ್ನು ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವವರು ಬಹಳ ಜನ. ಸಂಶೋಧನೆಗಳಲ್ಲಿ ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಕೇಳಿಸಿಕೊಂಡವರಿಗೆ ಹೆಚ್ಚಾಗಿ ಭಾರ ಇಳಿದಂತಾಗುತ್ತದೆ. ಈ ಬರಹದಲ್ಲಿ ಓದುಗರು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಈ ಪ್ರಶ್ನೆಯನ್ನು ಇಟ್ಟುಕೊಳ್ಳಲಿ. ಚಿಕ್ಕಮ್ಮ ಹೇಳಿದ ಸಂಖ್ಯೆ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿಯದು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಶುರುವಾಯಿತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹಾಳೆ ಮಡಚುವಾಗ ಚಿಕ್ಕಮ್ಮನಿಗೆ ಇನ್ನೊಂದು ಸಂಶಯ ಬಂತು.

“ನಿದ್ದೆ ಕೆಟ್ಟದ್ದು ಯಾವಾಗಿಂದ?”

“ಸಂಕ್ರಾಂತಿ ಹೊತ್ತಿಗೆ ಶುರುವಾಯಿತು.”

“ಆ ಹುಟ್ಟುಹಬ್ಬದ ಊಟ?”

“ಅದು ಶಿವರಾತ್ರಿ ಆದ ಮೇಲೆ.” ಹೇಳಿದವಳೇ ಸುಮ್ಮನಾದಳು. ಆಮೇಲೆ, “ಅಂದರೆ ಜಗಳಕ್ಕೂ ಮೊದಲೇ…”

“ನಿಶ್ಚಿತಾರ್ಥ ನಿಂತದ್ದು ದೀಪಾವಳಿಯಲ್ಲಿ. ಅಲ್ಲಿಂದಲೇ ನೀನು ಇಳೀತಾ ಬಂದಿದ್ದೀಯ ಅನ್ನಿಸುತ್ತೆ. ಆಗ ಮನೇಲಿ ಅವಳ ಜೊತೆ ಹೇಗಿದ್ದೆ?”

ಅಕ್ಕನ ಮಗಳು ಯೋಚಿಸಿ ಯೋಚಿಸಿ ಹೇಳಿದಳು. ಗೆಳತಿ ತಡವಾಗಿ ಬಂದರೆ ರೇಗುತ್ತಿದ್ದಳು. ‘ನನ್ನ ಮೇಲೆ ನಿನಗೆ ಬೇಸರ ಬಂದಿದೆಯಾ’ ಎಂದು ದಿನಕ್ಕೆ ಎಷ್ಟೋ ಸಲ ಕೇಳುತ್ತಿದ್ದಳು. ‘ಇಲ್ಲ’ ಎಂದರೆ ನಂಬುತ್ತಿರಲಿಲ್ಲ. ಭಾನುವಾರದ ಸಿನಿಮಾ, ತಿಂಡಿ ಸುತ್ತಾಟ ಎಲ್ಲ ತಾನೇ ನಿಲ್ಲಿಸಿದ್ದಳು.

ಇದು ಈ ವಿಷಯದ ಅತ್ಯಂತ ಕಷ್ಟದ ಜಾಗ. ಹೆಚ್ಚಿನವರು ಇಲ್ಲಿ ನಿಲ್ಲದೆ ದಾಟಿಹೋಗುತ್ತಾರೆ. ಸ್ನೇಹ ಹಳಸಿದ್ದರಿಂದ ಖಿನ್ನತೆ ಬಂತು ಎಂಬ ಒಂದೇ ದಿಕ್ಕಿನ ಕಥೆ ಹೇಳಲು ಸುಲಭ. ಆದರೆ ಜೇಮ್ಸ್ ಕೋಯ್ನ್ ಎಂಬ ಮನಶ್ಶಾಸ್ತ್ರಜ್ಞ 1976ರಲ್ಲೇ ಇನ್ನೊಂದು ದಿಕ್ಕನ್ನು ತೋರಿಸಿದ್ದರು. ಕುಗ್ಗಿದ ಮನಸ್ಸು ಸುತ್ತಲಿನವರಿಂದ ಪುನಃ ಪುನಃ ಭರವಸೆ ಕೇಳುತ್ತದೆ, ಸಿಕ್ಕ ಭರವಸೆಯನ್ನು ನಂಬುವುದಿಲ್ಲ, ಮತ್ತೆ ಕೇಳುತ್ತದೆ. ಕೇಳಿ ಕೇಳಿ ಹತ್ತಿರದವರಿಗೆ ದಣಿವಾಗುತ್ತದೆ, ಅವರು ದೂರ ಸರಿಯುತ್ತಾರೆ, ಅದನ್ನು ಕಂಡು ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಮುಂದೆ ಥಾಮಸ್ ಜಾಯ್ನರ್ ಮತ್ತಿತರರು ಇದೇ ಎಳೆಯನ್ನು ಹಿಡಿದು ಸ್ನೇಹಿತರು, ರೂಮ್‌ಮೇಟ್‌ಗಳ ನಡುವೆಯೇ ಅಧ್ಯಯನ ಮಾಡಿದರು.

“ಹಾಗಾದರೆ ತಪ್ಪೆಲ್ಲ ನಂದೇ ಅನ್ನು.” ದನಿ ನಡುಗಿತು.

“ನಾನು ಅಂದದ್ದು ಅದಲ್ಲ. ನಂಬಿ ಹೇಳಿದ್ದನ್ನ ಹತ್ತು ಜನರ ಮುಂದೆ ನಗೆ ಮಾಡಿದ್ದು ಅವಳ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ನೀನು ರೇಗಿದ್ದು, ಕೇಳಿದ್ದನ್ನೇ ಕೇಳಿದ್ದು ಕಾಯಿಲೆಯ ಲಕ್ಷಣ. ಜ್ವರ ಬಂದಾಗ ಮೈ ಸುಟ್ಟರೆ ಅದನ್ನ ನಿನ್ನ ಗುಣ ಅಂತ ಯಾರೂ ಅನ್ನಲ್ಲ. ಇವೆರಡನ್ನೂ ಈಗ ಒಂದೇ ತಕ್ಕಡಿಗೆ ಹಾಕಬೇಡ. ಯಾರದೆಷ್ಟು ತಪ್ಪು ಅನ್ನೋ ಲೆಕ್ಕ ಈ ಮನಸ್ಸಿನಲ್ಲಿ ಕೂತು ಮಾಡುವಂಥದ್ದಲ್ಲ. ಕುಗ್ಗಿದಾಗ ಕೆಟ್ಟ ನೆನಪುಗಳೇ ಮೊದಲು ಬಂದು ನಿಲ್ಲುತ್ತವೆ. ಹಾಸ್ಟೆಲ್ಲಿನ ಒಳ್ಳೆ ದಿನಗಳು ಈಗ ನಿನ್ನ ಕಣ್ಣಿಗೆ ಸುಳ್ಳಾಗಿ ಕಾಣ್ತಾ ಇರಬಹುದು.”

ಹೌದೆಂದು ಅವಳು ತಲೆಯಾಡಿಸಿದಳು.

ಮರುದಿನ ಬೆಳಗ್ಗೆ ಏಳಕ್ಕೆ ಅವಳನ್ನು ಎಬ್ಬಿಸಿದ್ದು ಹಲಸಿನಕಾಯಿ. ಪಕ್ಕದ ಮನೆಯವರೂ ಚಿಕ್ಕಮ್ಮನೂ ಸೇರಿ ಹಪ್ಪಳ ಮಾಡುವ ಕೆಲಸ ಹಮ್ಮಿಕೊಂಡಿದ್ದರು. ತೊಳೆ ಬಿಡಿಸುವುದು, ಬೇಯಿಸುವುದು, ರುಬ್ಬುವುದು, ಒತ್ತುವುದು, ಬಿಸಿಲಿಗೆ ಹರಡುವುದು. “ನನಗೆ ಮನಸ್ಸಿಲ್ಲ” ಎಂದವಳ ಕೈಗೆ ಎಣ್ಣೆ ಸವರಿ ಮಣೆಯ ಮುಂದೆ ಕೂರಿಸಿದರು.

“ಮನಸ್ಸು ಬಂದ ಮೇಲೆ ಮಾಡೋಣ ಅಂದರೆ ಈ ಕಾಯಿಲೆಯಲ್ಲಿ ಮನಸ್ಸು ಬರಲ್ಲ,” ಎಂದರು ಚಿಕ್ಕಮ್ಮ, ಪಕ್ಕದ ಮನೆಯವರು ನೀರಿಗೆ ಹೋದಾಗ. “ಮೊದಲು ಕೈ, ಆಮೇಲೆ ಮನಸ್ಸು. ಇದು ನಾನು ಕಂಡುಹಿಡಿದದ್ದಲ್ಲ, ಗೋವಾದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ.”

ಆ ಪರೀಕ್ಷೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅದು ನಮ್ಮ ಗಡಿಯಾಚೆಗೇ ನಡೆದದ್ದು, ನಮ್ಮಂಥ ಜನರ ಮೇಲೆ ನಡೆದದ್ದು. ಮನೋವೈದ್ಯ ವಿಕ್ರಂ ಪಟೇಲ್ ಮತ್ತು ‘ಸಂಗತ್’ ಸಂಸ್ಥೆಯವರು ಗೋವಾದ 10 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತೀವ್ರ ಖಿನ್ನತೆಯಿದ್ದ 495 ಜನರನ್ನು ಸೇರಿಸಿಕೊಂಡರು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದರ್ಧಕ್ಕೆ ಅದರ ಜೊತೆ ವಾರಕ್ಕೊಮ್ಮೆಯಂತೆ ಆರರಿಂದ ಎಂಟು ಸಲ ಆಪ್ತಸಲಹೆ. ಸಲಹೆ ಕೊಟ್ಟವರು ವೈದ್ಯರೂ ಅಲ್ಲ, ಮನಶ್ಶಾಸ್ತ್ರಜ್ಞರೂ ಅಲ್ಲ. ತರಬೇತಿ ಪಡೆದ ಊರಿನ ಸಾಮಾನ್ಯ ಜನ. ಅವರು ಮಾಡಿಸಿದ್ದು ಮುಖ್ಯವಾಗಿ ಇಷ್ಟು: ಮೊದಲು ಖುಷಿ ಕೊಡುತ್ತಿದ್ದ, ಈಗ ಬಿಟ್ಟುಹೋದ ಕೆಲಸಗಳನ್ನು ಪಟ್ಟಿ ಮಾಡಿ, ಸಣ್ಣದೊಂದನ್ನು ಆಯ್ದು, ದಿನ ಮತ್ತು ಹೊತ್ತು ಗೊತ್ತುಮಾಡಿ ಮಾಡಿಸುವುದು. ಮಾಡಿದ ಮೇಲೆ ಮನಸ್ಸು ಹೇಗಿತ್ತೆಂದು ಕೇಳುವುದು. ಮೂರು ತಿಂಗಳ ಹೊತ್ತಿಗೆ ಸಲಹೆ ಪಡೆದವರಲ್ಲಿ ಶೇಕಡಾ 64 ಜನ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇಕಡಾ 39. ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ಊರಿನ ಆರೋಗ್ಯ ಕಾರ್ಯಕರ್ತರ ಕೈಯಲ್ಲೂ ಈ ಕೆಲಸ ಆಗುತ್ತದೆಂಬ ನಂಬಿಕೆ ಕರ್ನಾಟಕಕ್ಕೆ ಹೊಸದಲ್ಲ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಇಂಥದೇ ಪ್ರಯೋಗ ನಡೆಸಿತು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಚಿಕ್ಕಮ್ಮ ಸಂಬಳ ಪಡೆದು ದುಡಿದದ್ದು ಅದರಲ್ಲೇ.

“ಹಪ್ಪಳ ಒತ್ತಿದರೆ ಅವಳು ವಾಪಸು ಬರ್ತಾಳಾ?”

“ಬರಲ್ಲ. ಅವಳು ಬರೋದಕ್ಕೂ ನೀನು ಹುಷಾರಾಗೋದಕ್ಕೂ ಗಂಟು ಹಾಕಬೇಡ, ನಾನು ಹೇಳ್ತಿರೋದು ಅಷ್ಟೇ.”

ಆಮೇಲೆ, ಒತ್ತುಮಣೆಯ ಮುಂದೆಯೇ, ಚಿಕ್ಕಮ್ಮ ಒಂದು ಹಳೆಯ ಕಥೆ ತೆಗೆದರು. ಮನಸ್ಸಿನ ವೈದ್ಯರಿಬ್ಬರ ಕಥೆ. 1907ರಲ್ಲಿ ಕಾರ್ಲ್ ಯೂಂಗ್ ವಿಯೆನ್ನಾಕ್ಕೆ ಹೋಗಿ ಸಿಗ್ಮಂಡ್ ಫ್ರಾಯ್ಡ್‌ರನ್ನು ಮೊದಲ ಸಲ ಕಂಡಾಗ ಇಬ್ಬರೂ ಸುಮಾರು 13 ಗಂಟೆ ಮಾತಾಡಿದರಂತೆ. 1909ರಲ್ಲಿ ಒಟ್ಟಿಗೆ ಅಮೆರಿಕಕ್ಕೆ ಹೋದರು. ಹಿರಿಯ ಫ್ರಾಯ್ಡ್ ಕಿರಿಯನನ್ನು ತನ್ನ ಉತ್ತರಾಧಿಕಾರಿ ಎಂದೇ ತಿಳಿದಿದ್ದರು. ವಿಚಾರದಲ್ಲಿ ಬಿರುಕು ಬಂತು, ಪತ್ರಗಳಲ್ಲಿ ಮಾತು ಕಹಿಯಾಯಿತು, 1913ರ ಜನವರಿಯಲ್ಲಿ ಫ್ರಾಯ್ಡ್ ನಮ್ಮಿಬ್ಬರ ಖಾಸಗಿ ಸಂಬಂಧವನ್ನು ಇಲ್ಲಿಗೇ ನಿಲ್ಲಿಸೋಣ ಎಂದು ಬರೆದರು. ಅದೇ ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ನ ಸಮ್ಮೇಳನದಲ್ಲಿ ಒಬ್ಬರನ್ನೊಬ್ಬರು ಕಂಡದ್ದೇ ಕೊನೆ.

ಆಗ ಯೂಂಗ್‌ಗೆ ಮೂವತ್ತೆಂಟು. ಮುಂದಿನ ಕೆಲವು ವರ್ಷ, ಕಾಲ ಕೆಳಗಿನ ನೆಲವೇ ಇಲ್ಲವೆನ್ನಿಸಿದ ಕಾಲವೆಂದು ಅವರೇ ಮುಪ್ಪಿನಲ್ಲಿ ಹೇಳಿಕೊಂಡಿದ್ದಾರೆ. ಭಯಂಕರ ದೃಶ್ಯಗಳು ಕಣ್ಣಿಗೆ ಬರುತ್ತಿದ್ದವು. ಅದಕ್ಕೆ ಖಿನ್ನತೆಯೆಂದೋ ಇನ್ನೊಂದೆಂದೋ ಇಷ್ಟು ದೂರದಿಂದ ಹೆಸರಿಡುವುದು ಸರಿಯಲ್ಲ. ಅವರು ಏನು ಮಾಡಿದರೆಂಬುದು ಮಾತ್ರ ಸ್ಪಷ್ಟವಾಗಿದೆ. ಚಿಕ್ಕಂದಿನಲ್ಲಿ ಕಲ್ಲು ಮಣ್ಣಿನಲ್ಲಿ ಮನೆ ಕಟ್ಟುವ ಆಟ ತನಗೆ ಪ್ರಾಣವಾಗಿತ್ತೆಂದು ನೆನಪಾಗಿ, ಜ್ಯೂರಿಕ್ ಸರೋವರದ ದಡದಲ್ಲಿ ಕಲ್ಲು ಆಯ್ದು ಪುಟ್ಟ ಮನೆಗಳನ್ನು, ಒಂದು ಕೋಟೆಯನ್ನು, ಕೊನೆಗೆ ಚರ್ಚು ಸಮೇತ ಒಂದು ಹಳ್ಳಿಯನ್ನೇ ಕಟ್ಟಿದರು. ಮಧ್ಯಾಹ್ನದ ಊಟ ಆದ ಕೂಡಲೇ ಶುರು, ರೋಗಿಗಳು ಬರುವವರೆಗೆ. ಸಂಜೆ ರೋಗಿಗಳು ಬೇಗ ಹೋದರೆ ಮತ್ತೆ ಅದೇ. ದೊಡ್ಡ ಮನುಷ್ಯ ಮಕ್ಕಳಾಟ ಆಡುವುದು ಅವರಿಗೆ ಮೊದಮೊದಲು ಬಹಳ ಅವಮಾನವೆನ್ನಿಸಿತಂತೆ. ಕಂಡ ದೃಶ್ಯಗಳನ್ನು ಬರೆದರು, ಚಿತ್ರಿಸಿದರು. ಅವು ಸೇರಿ ಆದ ‘ಕೆಂಪು ಪುಸ್ತಕ’ ಅಚ್ಚಾದದ್ದು ಅವರು ತೀರಿಕೊಂಡು ಎಷ್ಟೋ ಕಾಲದ ಮೇಲೆ, 2009ರಲ್ಲಿ. ಇದೆಲ್ಲದರ ನಡುವೆ ರೋಗಿಗಳನ್ನು ನೋಡುವುದನ್ನು ಬಿಡಲಿಲ್ಲ. ನಾನು ವೈದ್ಯ, ಹೆಂಡತಿ ಮಕ್ಕಳಿದ್ದಾರೆ, ನನ್ನ ಮನೆಯ ವಿಳಾಸ ಇದು ಎಂದು ನನಗೆ ನಾನೇ ನೆನಪಿಸಿಕೊಳ್ಳುತ್ತಿದ್ದೆ, ಮನೆ ಮತ್ತು ಕಸುಬು ನನ್ನನ್ನು ಹಿಡಿದು ನಿಲ್ಲಿಸಿದವು ಎಂದು ಅವರ ನೆನಪುಗಳ ಪುಸ್ತಕದಲ್ಲಿದೆ.

“ಮುಂದೆ ರಾಜಿ ಆಯಿತಾ ಅವರಿಬ್ಬರಿಗೂ?”

“ಇಲ್ಲ. ರಾಜಿ ಆಗದೆಯೇ ಯೂಂಗ್ ಎದ್ದು ನಿಂತರು, ದೊಡ್ಡ ಕೆಲಸ ಮಾಡಿದರು. ಅದಕ್ಕೇ ನಾನು ಈ ಕಥೆ ಹೇಳೋದು.”

“ಅವರಿಗೆ ಸರೋವರದ ಪಕ್ಕ ಮನೆ ಇತ್ತು, ನೋಡಿಕೊಳ್ಳೋಕೆ ಹೆಂಡತಿ ಇದ್ದಳು,” ಎಂದಳು ಅಕ್ಕನ ಮಗಳು.

ಆ ಮಾತು ನಿಜ. ಎಮ್ಮಾ ಯೂಂಗ್ ಶ್ರೀಮಂತ ಮನೆತನದವರು, ಆ ಸಂಸಾರದ ಭಾರ ಹೊತ್ತವರು ಅವರೇ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಉಳಿದವಳಿಗೆ ಆ ಆಸರೆ ಇಲ್ಲ, ಅದನ್ನು ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು. ಚಿಕ್ಕಮ್ಮನ ಸಲಹೆಗಳು ಇದನ್ನು ನೋಡಿಕೊಂಡೇ ಬಂದವು: ಜೂನ್ ಬಂದ ಕೂಡಲೇ ಆ ಮನೆಗೆ ಇನ್ನೊಬ್ಬರನ್ನು ಸೇರಿಸಿಕೊ, ಇಲ್ಲ ಕಾಲೇಜಿನ ಹತ್ತಿರ ಪಿಜಿ ನೋಡು. ಸಂಜೆ ಏಳಕ್ಕೆ ದಿನಾ ನನಗೆ ಫೋನು. ಬಿಟ್ಟುಹೋದ ಭಾನುವಾರದ ಸಂಗೀತದ ಕ್ಲಾಸಿಗೆ ಪುನಃ ಹೆಸರು ಹಚ್ಚು. ಮಲಗುವ ಕೋಣೆಗೆ ಮೊಬೈಲು ಬೇಡ, ಗಂಟೆ ಗಡಿಯಾರ ತಂದುಕೊ. ಅವಳ ಸ್ಟೇಟಸ್ಸು ಕಾಣದ ಹಾಗೆ ಮ್ಯೂಟ್ ಮಾಡು, ಹಳೆಯ ಚಾಟನ್ನು ಅಳಿಸಬೇಡ, ಆರ್ಕೈವ್‌ಗೆ ಹಾಕು.

“ಅವಳಿಗೆ ಒಂದು ಸಾರಿ ಕೇಳಲಾ? ಸಾರಿ ಅಂತ?”

“ಕೇಳಬೇಕು ಅನ್ನಿಸಿದರೆ ಕೇಳು, ಈಗಲೇ ಬೇಡ. ಚಿಕಿತ್ಸೆ ಶುರುವಾಗಿ, ರಾತ್ರಿ ನಿದ್ದೆ ಬರೋಕೆ ಹತ್ತಿದ ಮೇಲೆ. ಆಗಲೂ ಮೂರೇ ಸಾಲು. ನಾನು ಆ ರಾತ್ರಿ ಬರೆದದ್ದು ಅತಿಯಾಯಿತು. ನೀನು ಅಂದದ್ದು ನನಗೆ ನೋವಾಯಿತು. ನಿನಗೆ ಮಾತಾಡಬೇಕು ಅನ್ನಿಸಿದಾಗ ಮಾತಾಡೋಣ. ಇಷ್ಟು ಬರೆದು ಬಿಟ್ಟುಬಿಡು. ಉತ್ತರ ಬಾರದೇ ಇದ್ದರೂ ನಾನು ತಡಕೊಳ್ತೀನಿ ಅನ್ನಿಸಿದ ದಿನ ಕಳಿಸು, ಅದಕ್ಕಿಂತ ಮೊದಲು ಬೇಡ.”

ಸಂಜೆ ಮೊರಗಳನ್ನು ಒಳಗಿಟ್ಟ ಮೇಲೆ ಮಾತು ಆಸ್ಪತ್ರೆಗೆ ತಿರುಗಿತು. ಅವಳ ಭಯ ಮಾತ್ರೆಗಿಂತ ಹೆಚ್ಚಾಗಿ ಸುದ್ದಿಯದು.

“ಕಾಲೇಜಿಗೆ ಗೊತ್ತಾದರೆ? ನನ್ನ ವಿಷಯ ಒಂದು ಸಲ ಹೊರಗೆ ಹೋಗಿದ್ದೇ ಸಾಕು.”

ಅವಳ ಸ್ಥಿತಿಯಲ್ಲಿ ಇದಕ್ಕಿಂತ ಸಹಜವಾದ ಭಯ ಇನ್ನೊಂದಿಲ್ಲ. ಅದಕ್ಕೆ ಕಾನೂನಿನಲ್ಲೇ ಉತ್ತರ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಯ ವಿಷಯ ಗುಟ್ಟಾಗಿರಬೇಕೆಂಬುದನ್ನು ಹಕ್ಕೆಂದೇ ಹೇಳುತ್ತದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭ ಬಿಟ್ಟರೆ ಆಸ್ಪತ್ರೆಯವರು ಅವಳ ಒಪ್ಪಿಗೆಯಿಲ್ಲದೆ ಯಾರಿಗೂ ಹೇಳುವಂತಿಲ್ಲ. ಜೀವ ತೆಗೆದುಕೊಳ್ಳಲು ಹೊರಟವರನ್ನು ಅಪರಾಧಿಯೆಂದು ನೋಡದೆ, ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಮಾಡಬೇಕು ಎಂದು ಹೇಳಿದ್ದೂ ಇದೇ ಕಾಯ್ದೆ. ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ.

ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಸಾಮಾನ್ಯ ಮಾನಸಿಕ ಕಾಯಿಲೆ ಇದ್ದ ನೂರರಲ್ಲಿ ಸುಮಾರು 85 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹಾಗೆಂದು ಕನ್ನಡದಲ್ಲಿ ಈ ಕಾಯಿಲೆಗಳ ತಿಳಿವಳಿಕೆಗೆ ಬರ ಇರಲಿಲ್ಲ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲೂ ಸಿಗುತ್ತವೆ. ಚಿಕ್ಕಮ್ಮನ ಕಪಾಟಿನಲ್ಲಿ ಅವರದೇ ಒಂದು ಸಾಲಿದೆ. ಪುಸ್ತಕ ಓದಿದವರೂ ಆಸ್ಪತ್ರೆಯ ಬಾಗಿಲವರೆಗೆ ಹೋಗಿ ತಿರುಗಿ ಬರುವುದುಂಟು, ಯಾರಾದರೂ ಕಂಡಾರೆಂಬ ಭಯಕ್ಕೆ.

“ಮಾತ್ರೆ ಕೊಟ್ಟರೆ ಜೀವನಪೂರ್ತಿ ತಗೋಬೇಕಾಗುತ್ತಾ? ಚಟ ಆಗುತ್ತಾ?”

“ಖಿನ್ನತೆಯ ಮಾತ್ರೆ ಚಟ ಹಿಡಿಸುವಂಥದ್ದಲ್ಲ. ಆದರೆ ಇವತ್ತು ನುಂಗಿದರೆ ನಾಳೆ ಗುಣ ಕಾಣಲ್ಲ, ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲಿ ವಾಕರಿಕೆ, ತಲೆನೋವು ಬರಬಹುದು, ಬಂದರೆ ಡಾಕ್ಟರಿಗೆ ಹೇಳು, ನೀನೇ ನಿಲ್ಲಿಸಬೇಡ. ಹುಷಾರಾದೆ ಅನ್ನಿಸಿದ ಮೇಲೂ ಕೆಲವು ತಿಂಗಳು ಮುಂದುವರಿಸಿ, ಅವರು ಹೇಳಿದ ಹಾಗೆ ನಿಧಾನಕ್ಕೆ ಇಳಿಸೋದು. ಮಾತ್ರೆ ಬೇಡ, ಆಪ್ತಸಲಹೆ ಸಾಕು ಅಂತಲೂ ಅವರು ಹೇಳಬಹುದು. ಥೈರಾಯ್ಡ್ ಕಡಿಮೆ ಆದರೂ, ರಕ್ತಹೀನತೆ ಇದ್ದರೂ ಹೀಗೇ ಸುಸ್ತು, ಬೇಸರ ಇರುತ್ತೆ. ರಕ್ತ ಪರೀಕ್ಷೆ ಬರೆದರೆ ಅದಕ್ಕೇ ಅಂತ ತಿಳಕೊ.”

“ಅಲ್ಲಿ ಹೋಗಿ ಕೂತಾಗ ನನಗೆ ಮಾತೇ ಬರಲ್ಲ ಚಿಕ್ಕಮ್ಮ. ಗೆಳತಿ ಜಗಳ ಅಂತ ಹೇಳಿದರೆ ನಗಲ್ವಾ?”

“ನಗಲ್ಲ. ಬರ್ಕೊಂಡು ಹೋಗು. ಮೊದಲು ನಿದ್ದೆ, ಯಾವ ತಿಂಗಳಿಂದ ಅಂತ. ಆಮೇಲೆ ಊಟ, ತೂಕ. ಕಾಲೇಜಿನಲ್ಲಿ ಪಾಠ ಮಾಡೋಕೆ ಎಷ್ಟು ಕಷ್ಟ ಆಗ್ತಿದೆ ಅನ್ನೋದು. ಬೆಳಗ್ಗೆ ಏಳದಿದ್ದರೆ ಚೆನ್ನಾಗಿತ್ತು ಅಂದೆಯಲ್ಲ, ಅದನ್ನೂ ಹಾಗೇ ಬರಿ, ಬಿಡಬೇಡ. ನಿಶ್ಚಿತಾರ್ಥ, ಅವಳ ವಿಷಯ, ಎರಡೂ.”

ಅವಳು ಹಳೆಯ ಲ್ಯಾಬ್ ರೆಕಾರ್ಡ್ ಪುಸ್ತಕದಿಂದ ಒಂದು ಹಾಳೆ ಹರಿದುಕೊಂಡಳು.

“ಕಳೆದ ವರ್ಷ ಕಾಲೇಜಿನ ಹೆಲ್ತ್ ಚೆಕಪ್ಪಿನಲ್ಲಿ ಹಿಮೋಗ್ಲೋಬಿನ್ ಕಡಿಮೆ ಅಂದಿದ್ದರು. ಅದೂ ಬೇಕಾ?”

“ಬೇಕು, ಬರಿ. ರಿಪೋರ್ಟು ಮೊಬೈಲಿನಲ್ಲಿದ್ದರೆ ತೆಗೆದಿಟ್ಟುಕೊ. ಒಪಿಡಿ ಚೀಟಿಗೆ ಬೆಳಗ್ಗೆ ಬೇಗ ಹೋಗಬೇಕು, ಸೋಮವಾರ ಸರತಿ ಉದ್ದ ಇರುತ್ತೆ.”